ತತ್ವನಿಷ್ಠೆಯೂ ಆಲೋಚನಾಸಭೆಯೂ: ಸಭಾನಾಯಕತ್ವದಲ್ಲಿ ಮನಸ್ಸಾಕ್ಷಿ ಮತ್ತು ಪರರ ದೃಷ್ಟಿ

ಸಭಾಪಾಲಕರ ಕುರಿತು ಸಭಿಕರಲ್ಲಿ ಎರಡು ವಿಧವಾದ ದೂರುಗಳು ಕೇಳಿಬರುತ್ತವೆ. ಅಯ್ಯನವರು ಯಾರ ಮಾತಿಗೂ ಕಿವಿಗೊಡುವುದಿಲ್ಲ, ತಾವು ಹಿಡಿದದ್ದೇ ಹಟ ಎಂಬುದು ಒಂದು. ಅಯ್ಯನವರು ಎಲ್ಲರ ಮಾತಿಗೂ ತಲೆಯಾಡಿಸುತ್ತಾರೆ, ಕಡೆಯದಾಗಿ ಬಂದು ಮಾತಾಡಿದವನ ಅಭಿಪ್ರಾಯವೇ ಅವರ ಅಭಿಪ್ರಾಯ ಎಂಬುದು ಮತ್ತೊಂದು. ಮೊದಲನೆಯವರು ತಮ್ಮ ನಡತೆಗೆ ತತ್ವನಿಷ್ಠೆಯೆಂದು ಹೆಸರಿಡುತ್ತಾರೆ. ಎರಡನೆಯವರು ತಮ್ಮದಕ್ಕೆ ದೀನತೆಯೆಂದು ಹೆಸರಿಡುತ್ತಾರೆ. ಆದರೆ ಕೇಳದ ನಿಷ್ಠೆಯು ಬಹುಬೇಗ ಅಹಂಕಾರವಾಗಿಯೂ, ನೆಲೆಯಿಲ್ಲದ ದೀನತೆಯು ಬಹುಬೇಗ ಮನುಷ್ಯರ ಭಯವಾಗಿಯೂ ಮಾರ್ಪಡುತ್ತದೆ. ಈ ಎರಡರಿಂದಲೂ ನಷ್ಟವನ್ನು ಅನುಭವಿಸುವುದು ನಾಯಕನಿಗಿಂತ ಹೆಚ್ಚಾಗಿ ಮಂದೆಯೇ.

ಆದುದರಿಂದ ನಮ್ಮ ಮುಂದಿರುವ ಪ್ರಶ್ನೆ ಇದು: ತನ್ನ ಮನಸ್ಸಾಕ್ಷಿಗೆ ಸ್ಥಿರವಾಗಿ ಅಂಟಿಕೊಂಡಿರುವ ನಾಯಕನು ತನಗಿಂತ ಭಿನ್ನವಾಗಿ ಕಾಣುವವರ ಮಾತನ್ನು ನಿಜವಾಗಿ ಕೇಳಬಲ್ಲನೋ? ಇಲ್ಲವೆ, ಇವೆರಡರಲ್ಲಿ ಒಂದನ್ನು ಹೆಚ್ಚಿಸಿದಷ್ಟೂ ಮತ್ತೊಂದು ಕುಗ್ಗಲೇಬೇಕೋ? ಸತ್ಯವೇದದ ಮತ್ತು ಸಭಾಚರಿತ್ರೆಯ ಕೆಲವು ನಿದರ್ಶನಗಳನ್ನು ಈ ಪ್ರಶ್ನೆಯ ಬೆಳಕಿನಲ್ಲಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

1. ತತ್ವ, ರೂಢಿ, ಅಭಿರುಚಿ

ಮೊಟ್ಟಮೊದಲು ಒಂದು ವಿವೇಚನೆ ಅಗತ್ಯ. ನಾವು 'ನನ್ನ ತತ್ವ' ಎಂದು ಕರೆಯುವುದರಲ್ಲಿ ಸಾಮಾನ್ಯವಾಗಿ ಮೂರು ಬೇರೆ ಬೇರೆ ಸಂಗತಿಗಳು ಬೆರೆತಿರುತ್ತವೆ. ಸುವಾರ್ತೆಯ ಸಾರಕ್ಕೆ ಸೇರಿದ್ದು ಒಂದು. ಇದನ್ನು ಬಿಟ್ಟರೆ ನಾವು ಕ್ರಿಸ್ತನನ್ನೇ ಬಿಟ್ಟಂತೆ. ನಮ್ಮ ಸಭೆಯ ಅಥವಾ ಪರಂಪರೆಯ ರೂಢಿಗೆ ಸೇರಿದ್ದು ಎರಡನೆಯದು. ಇದು ಗೌರವಾರ್ಹವಾದರೂ ಮಾರ್ಪಡಿಸಲು ಶಕ್ಯವಾದದ್ದು. ಕೇವಲ ನಮ್ಮ ಸ್ವಭಾವಕ್ಕೂ ಅಭಿರುಚಿಗೂ ಸೇರಿದ್ದು ಮೂರನೆಯದು. ಆರಾಧನೆಯಲ್ಲಿ ಯಾವ ರಾಗ ಹಾಡಬೇಕು, ಕೂಟ ಎಷ್ಟು ಗಂಟೆಗೆ ಆರಂಭವಾಗಬೇಕು, ಯಾರು ಎಲ್ಲಿ ಕುಳಿತುಕೊಳ್ಳಬೇಕು ಎಂಬ ವಿಷಯಗಳಿಗಾಗಿ ನಡೆಯುವ ಜಗಳಗಳು ಬಹುಮಟ್ಟಿಗೆ ಎರಡನೆಯ ಮತ್ತು ಮೂರನೆಯ ವರ್ಗಕ್ಕೆ ಸೇರಿದವು. ಆದರೆ ನಡೆಯುವುದು ಮೊದಲನೆಯ ವರ್ಗದ ಭಾಷೆಯಲ್ಲಿ.

ಪೌಲನು ಈ ವಿವೇಚನೆಯಲ್ಲಿ ನಮಗೆ ಮಾದರಿ. ಕೊರಿಂಥದ ಸಭೆಗೆ ವಿವಾಹದ ವಿಷಯದಲ್ಲಿ ಬರೆಯುವಾಗ, ಯಾವುದು ಕರ್ತನ ಅಪ್ಪಣೆ, ಯಾವುದು ತನ್ನ ಸ್ವಂತ ಸಲಹೆ ಎಂಬುದನ್ನು ಅವನು ಪ್ರತ್ಯೇಕಿಸಿ ಹೇಳುತ್ತಾನೆ (1 ಕೊರಿಂಥ 7:10, 12, 25). ಸಭೆಯನ್ನು ಸ್ಥಾಪಿಸಿದ ಅಪೊಸ್ತಲನಿಗೆ ತನ್ನ ಅಭಿಪ್ರಾಯವನ್ನು ದೇವರ ಅಪ್ಪಣೆಯ ಮರೆಯಲ್ಲಿ ನಿಲ್ಲಿಸುವುದು ಸುಲಭವಾಗಿತ್ತು. ಅವನು ಹಾಗೆ ಮಾಡಲಿಲ್ಲ. ಆದುದರಿಂದ ಅವನ ಸಲಹೆಯನ್ನು ಕೇಳಿದವರು ಅದನ್ನು ಸಲಹೆಯಾಗಿಯೇ ತೂಗಿನೋಡಲು ಸ್ವತಂತ್ರರಾಗಿದ್ದರು.

ಇದೇ ಪೌಲನು ಸುನ್ನತಿಯ ವಿಷಯದಲ್ಲಿ ಒಂದಕ್ಕೊಂದು ವಿರುದ್ಧವೆಂದು ತೋರುವ ಎರಡು ನಿರ್ಣಯಗಳನ್ನು ಮಾಡಿದನು. ಗ್ರೀಕನಾದ ತೀತನಿಗೆ ಸುನ್ನತಿ ಆಗಲೇಬೇಕೆಂದು ಕೆಲವರು ಒತ್ತಾಯಿಸಿದಾಗ ಒಂದು ಕ್ಷಣವೂ ಮಣಿಯಲಿಲ್ಲ (ಗಲಾತ್ಯ 2:3-5). ಯೆಹೂದ್ಯ ತಾಯಿಯ ಮಗನಾದ ತಿಮೊಥೆಯನಿಗೆ ತಾನೇ ಸುನ್ನತಿ ಮಾಡಿಸಿದನು (ಅಪೊಸ್ತಲರ ಕೃತ್ಯಗಳು 16:3). ಕ್ರಿಯೆ ಒಂದೇ, ನಿರ್ಣಯ ಎರಡು. ಇದು ಚಂಚಲತೆಯಲ್ಲ. ತೀತನ ವಿಷಯದಲ್ಲಿ ಸುನ್ನತಿಯು ರಕ್ಷಣೆಗೆ ಬೇಕಾದ ಷರತ್ತಾಗಿ ನಿಂತಿತ್ತು. ಅಲ್ಲಿ ಮಣಿದಿದ್ದರೆ ಕೃಪೆಯ ಸುವಾರ್ತೆಯೇ ಮಣಿಯುತ್ತಿತ್ತು. ತಿಮೊಥೆಯನ ವಿಷಯದಲ್ಲಾದರೋ ಅದು ಆ ಪ್ರಾಂತ್ಯದ ಯೆಹೂದ್ಯರ ನಡುವೆ ಸೇವೆಗೆ ಬರಬಹುದಾದ ಅಡ್ಡಿಯನ್ನು ನಿವಾರಿಸುವ ಮಾರ್ಗವಾಗಿತ್ತು. ತತ್ವವು ಎಲ್ಲಿದೆ ಎಂಬುದನ್ನು ಸ್ಪಷ್ಟವಾಗಿ ತಿಳಿದವನು ಮಾತ್ರ ಉಳಿದ ವಿಷಯಗಳಲ್ಲಿ ಧಾರಾಳವಾಗಿ ಬಗ್ಗಬಲ್ಲನು. ಅದನ್ನು ತಿಳಿಯದವನು ಎಲ್ಲದರಲ್ಲೂ ಬಿಗಿಯಾಗಿರುತ್ತಾನೆ, ಇಲ್ಲವೆ ಎಲ್ಲದರಲ್ಲೂ ಸಡಿಲವಾಗಿರುತ್ತಾನೆ.

2. ಯೆರೂಸಲೇಮಿನ ಆಲೋಚನಾಸಭೆ

ಅಪೊಸ್ತಲರ ಕೃತ್ಯಗಳು 15ನೆಯ ಅಧ್ಯಾಯವನ್ನು ನಾವು ಸಾಮಾನ್ಯವಾಗಿ ಅದರ ತೀರ್ಪಿಗಾಗಿ ಓದುತ್ತೇವೆ. ಆ ತೀರ್ಪಿಗೆ ಬಂದ ಕ್ರಮವನ್ನು ಗಮನಿಸುವುದೂ ಅಷ್ಟೇ ಪ್ರಯೋಜನಕರ. ಫರಿಸಾಯರ ಪಂಗಡದಿಂದ ಬಂದು ನಂಬಿದವರು ತಮ್ಮ ವಾದವನ್ನು ಬಹಿರಂಗವಾಗಿ ಮಂಡಿಸಿದರು. ಅವರ ಬಾಯನ್ನು ಯಾರೂ ಮುಚ್ಚಲಿಲ್ಲ. ಬಹಳ ಚರ್ಚೆ ನಡೆಯಿತೆಂದು ಲೂಕನು ಮುಚ್ಚುಮರೆಯಿಲ್ಲದೆ ಬರೆಯುತ್ತಾನೆ. ಅನಂತರ ಪೇತ್ರನು ಕೊರ್ನೇಲ್ಯನ ಮನೆಯ ಅನುಭವವನ್ನು ನೆನಪಿಗೆ ತಂದನು. ಸಭೆಯು ಮೌನವಾಗಿದ್ದು, ಬಾರ್ನಬನೂ ಪೌಲನೂ ಅನ್ಯಜನರ ನಡುವೆ ನಡೆದದ್ದನ್ನು ವಿವರಿಸುವುದನ್ನು ಕೇಳಿತು. ಕಡೆಗೆ ಯಾಕೋಬನು ಪ್ರವಾದಿಯಾದ ಆಮೋಸನ ಮಾತಿನೊಡನೆ ಈ ಅನುಭವಗಳನ್ನು ಹೊಂದಿಸಿ ತನ್ನ ತೀರ್ಮಾನವನ್ನು ಸೂಚಿಸಿದನು. ಅಪೊಸ್ತಲರೂ ಹಿರಿಯರೂ ಸರ್ವಸಭೆಯೂ ಒಪ್ಪಿದ ಮೇಲೆ ಪತ್ರವನ್ನು ಬರೆದು, ಅದನ್ನು ಬಾಯಿಂದಲೂ ವಿವರಿಸುವುದಕ್ಕಾಗಿ ಬಾರ್ಸಬನೆನಿಸಿಕೊಂಡ ಯೂದನನ್ನೂ ಸೀಲನನ್ನೂ ಜೊತೆಗೆ ಕಳುಹಿಸಿದರು.

ಇಲ್ಲಿ ಅನುಭವ, ಶಾಸ್ತ್ರ, ಚರ್ಚೆ, ಮೌನ ಇವೆಲ್ಲಕ್ಕೂ ಸ್ಥಾನವಿದೆ. ತೀರ್ಪೂ ಸಹ ಗಮನಾರ್ಹ: ಅನ್ಯಜನರ ಮೇಲೆ ಸುನ್ನತಿಯ ಭಾರವನ್ನು ಹೊರಿಸಲಿಲ್ಲ, ಹಾಗೆಯೇ ಸೋತ ಪಕ್ಷದವರ ಮನಸ್ಸಾಕ್ಷಿಯನ್ನೂ ಕಡೆಗಣಿಸದೆ, ಯೆಹೂದ್ಯ ವಿಶ್ವಾಸಿಗಳೊಡನೆ ಸಹಜೀವನಕ್ಕೆ ನೆರವಾಗುವ ಕೆಲವು ನಿಯಮಗಳನ್ನು ಸೇರಿಸಲಾಯಿತು.

ಆದರೂ ಆಲೋಚನಾಸಭೆಯು ಸಕಲ ಭೇದಗಳಿಗೂ ಔಷಧವಲ್ಲ. ಅದೇ ಅಧ್ಯಾಯದ ಕೊನೆಯಲ್ಲಿ ಮಾರ್ಕನನ್ನು ಕರೆದುಕೊಂಡು ಹೋಗುವ ವಿಷಯದಲ್ಲಿ ಪೌಲನಿಗೂ ಬಾರ್ನಬನಿಗೂ ತೀಕ್ಷ್ಣವಾದ ವಾಗ್ವಾದ ಉಂಟಾಗಿ ಇಬ್ಬರೂ ಅಗಲಿದರು. ಲೂಕನು ಇದನ್ನು ಮರೆಮಾಡುವುದಿಲ್ಲ. ಆದರೆ ಮುಂದೆ ಪೌಲನ ಹೆಸರಿನ ಪತ್ರದಲ್ಲಿ ಅದೇ ಮಾರ್ಕನು ಸೇವೆಗೆ ಉಪಯುಕ್ತನೆಂಬ ಮಾತನ್ನು ಕಾಣುತ್ತೇವೆ (2 ತಿಮೊಥೆಯ 4:11). ಬಾರ್ನಬನು ಕಂಡದ್ದು ಪೌಲನಿಗೆ ಕಾಣಲು ಕಾಲ ಬೇಕಾಯಿತು.

3. ಆಲೋಚನೆಯ ಸ್ಥಳದಲ್ಲಿ ಇಲ್ಲದವರ ಧ್ವನಿ

ಭಿನ್ನ ದೃಷ್ಟಿಗಳನ್ನು ಕೇಳುವುದೆಂದರೆ ಈಗಾಗಲೇ ಸ್ಥಾನದಲ್ಲಿರುವವರು ಪರಸ್ಪರ ಚರ್ಚಿಸುವುದು ಮಾತ್ರವಲ್ಲ. ಅರಣ್ಯಕಾಂಡ 27ರಲ್ಲಿ ಚಲ್ಪಹಾದನ ಐದು ಮಂದಿ ಹೆಣ್ಣುಮಕ್ಕಳು ಮೋಶೆಯ, ಯಾಜಕನ, ಕುಲಾಧಿಪತಿಗಳ ಮತ್ತು ಸರ್ವಸಮೂಹದ ಮುಂದೆ ನಿಂತು ಒಂದು ಅನ್ಯಾಯವನ್ನು ತೋರಿಸಿಕೊಟ್ಟರು. ಗಂಡುಮಕ್ಕಳಿಲ್ಲದೆ ಸತ್ತ ತಮ್ಮ ತಂದೆಯ ಹೆಸರು ಅವನ ಕುಲದಿಂದ ಏಕೆ ಅಳಿದುಹೋಗಬೇಕು ಎಂಬುದು ಅವರ ಪ್ರಶ್ನೆ. ದೇಶವನ್ನು ಹಂಚುವ ಕ್ರಮದಲ್ಲಿದ್ದ ಈ ಕೊರತೆ ಆ ಕ್ರಮದಿಂದ ತೊಂದರೆಗೊಳಗಾದವರಿಗೆ ಕಂಡಷ್ಟು ಸ್ಪಷ್ಟವಾಗಿ ಅದನ್ನು ಮಾಡುವವರಿಗೆ ಕಂಡಿರಲಿಲ್ಲ. ಮೋಶೆಯು ಅವರನ್ನು ಗದರಿಸಿ ಕಳುಹಿಸಲಿಲ್ಲ. ಕೂಡಲೇ ಉತ್ತರವನ್ನೂ ಹೇಳಲಿಲ್ಲ. ವ್ಯಾಜ್ಯವನ್ನು ದೇವರ ಸನ್ನಿಧಿಗೆ ತಂದನು. ಆ ಹೆಣ್ಣುಮಕ್ಕಳು ಹೇಳಿದ್ದು ನ್ಯಾಯವೆಂಬ ಉತ್ತರ ದೊರಕಿತು.

ಈ ವೃತ್ತಾಂತಕ್ಕೆ 36ನೆಯ ಅಧ್ಯಾಯದಲ್ಲಿ ಉತ್ತರಭಾಗವಿದೆ. ಈ ಹೆಣ್ಣುಮಕ್ಕಳು ಬೇರೆ ಕುಲದವರನ್ನು ಮದುವೆಯಾದರೆ ಭೂಮಿಯು ಮನಸ್ಸೆಯ ಕುಲದಿಂದ ತಪ್ಪಿಹೋಗುವುದೆಂದು ಗೋತ್ರದ ಮುಖ್ಯಸ್ಥರು ಬಿನ್ನವಿಸಿದರು. ಅವರ ಮಾತೂ ಸರಿಯೆಂದು ಎಣಿಸಲ್ಪಟ್ಟು, ವಿವಾಹವು ಸ್ವಕುಲದಲ್ಲೇ ಆಗಬೇಕೆಂಬ ನಿಯಮ ಸೇರಿತು. ಇಂದಿನ ವಾಚಕರಿಗೆ, ವಿಶೇಷವಾಗಿ ಸ್ತ್ರೀಯರಿಗೆ, ಈ ಎರಡನೆಯ ನಿಯಮವು ಮೊದಲು ಕೊಟ್ಟದ್ದನ್ನು ಭಾಗಶಃ ಹಿಂದಕ್ಕೆ ತೆಗೆದುಕೊಂಡಂತೆ ಕಾಣಬಹುದು. ಆ ಪ್ರಶ್ನೆಯನ್ನು ನಾವು ಬೇಗನೆ ಬದಿಗೆ ಸರಿಸಬಾರದು. ಹಕ್ಕು ಮಾತ್ರ ರದ್ದಾಗಲಿಲ್ಲ. ಒಂದು ನ್ಯಾಯವಾದ ನಿರ್ಣಯವೂ ಮತ್ತೊಂದು ದಿಕ್ಕಿನಿಂದ ಬಂದ ಮಾತಿನ ಮುಂದೆ ಪುನಃ ಪರಿಶೀಲನೆಗೆ ತೆರೆದಿತ್ತೆಂಬುದು ಇಲ್ಲಿ ನಾವು ಕಲಿಯಬೇಕಾದ ಪಾಠ.

ನಮ್ಮ ಸಭಾಕಮಿಟಿಗಳಲ್ಲಿ ಸ್ತ್ರೀಯರು, ಯೌವನಸ್ಥರು, ದಲಿತ ವಿಶ್ವಾಸಿಗಳು, ಹಳ್ಳಿಯ ಶಾಖಾಸಭೆಗಳವರು ಹೆಸರಿಗೆ ಸದಸ್ಯರಾಗಿದ್ದು ಮಾತಿಗೆ ಸದಸ್ಯರಲ್ಲದೆ ಇರುವುದುಂಟು. ಅವರ ಮೌನವನ್ನು ಒಪ್ಪಿಗೆಯೆಂದು ದಾಖಲಿಸುವುದು ನಡಾವಳಿ ಪುಸ್ತಕದಲ್ಲಿ ಬರೆಯಬಹುದಾದ ಸುಳ್ಳುಗಳಲ್ಲಿ ಅತ್ಯಂತ ಸುಲಭವಾದದ್ದು.

4. ಬೆನೆಡಿಕ್ಟನ ನಿಯಮಾವಳಿ

ಆರನೆಯ ಶತಮಾನದಲ್ಲಿ ಇಟಲಿಯಲ್ಲಿ ನರ್ಸಿಯಾದ ಬೆನೆಡಿಕ್ಟನು ಸನ್ಯಾಸಿಮಠಗಳಿಗಾಗಿ ಬರೆದ ನಿಯಮಾವಳಿಯು ನಾಯಕನಿಗೆ ಬಹಳ ದೊಡ್ಡ ಅಧಿಕಾರವನ್ನು ಕೊಡುತ್ತದೆ. ಮಠಾಧಿಪತಿಯು ಮಠದಲ್ಲಿ ಕ್ರಿಸ್ತನ ಸ್ಥಾನದಲ್ಲಿರುವವನೆಂದು ಅದು ಭಾವಿಸುತ್ತದೆ. ಅದೇ ಕಾರಣದಿಂದ ಅದರ ಮೂರನೆಯ ಅಧ್ಯಾಯವು ಆಶ್ಚರ್ಯಕರವಾಗಿದೆ. ಮುಖ್ಯವಾದ ಕಾರ್ಯವೊಂದು ಬಂದಾಗಲೆಲ್ಲ ಮಠಾಧಿಪತಿಯು ಇಡೀ ಸಮುದಾಯವನ್ನು ಕರೆಯಬೇಕು. ವಿಷಯವನ್ನು ತಾನೇ ತಿಳಿಸಬೇಕು. ಸಹೋದರರ ಆಲೋಚನೆಯನ್ನು ಕೇಳಿ, ತನ್ನೊಳಗೆ ತೂಗಿನೋಡಿ, ಆಮೇಲೆ ನಿರ್ಣಯಿಸಬೇಕು. ಎಲ್ಲರನ್ನೂ ಕರೆಯಬೇಕೆಂಬುದಕ್ಕೆ ಕಾರಣವನ್ನೂ ಬೆನೆಡಿಕ್ಟನು ಕೊಡುತ್ತಾನೆ: ಉತ್ತಮವಾದದ್ದನ್ನು ಕರ್ತನು ಅನೇಕ ಸಾರಿ ಕಿರಿಯನಿಗೇ ಪ್ರಕಟಪಡಿಸುತ್ತಾನೆ. ಸಹೋದರರು ದೀನತೆಯಿಂದ ಮಾತಾಡಬೇಕು, ತಮ್ಮ ಅಭಿಪ್ರಾಯವನ್ನು ಹಟದಿಂದ ಸಮರ್ಥಿಸಬಾರದು. ಮಠಾಧಿಪತಿಯೂ ತನ್ನ ಇಷ್ಟದಂತೆ ನಡೆಯದೆ ನಿಯಮಕ್ಕೆ ಅಧೀನನಾಗಿರಬೇಕು. ಸಣ್ಣ ವಿಷಯಗಳಲ್ಲಾದರೋ ಹಿರಿಯರ ಆಲೋಚನೆ ಸಾಕು.

61ನೆಯ ಅಧ್ಯಾಯವು ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಹೋಗುತ್ತದೆ. ದೂರದಿಂದ ಬಂದ ಅತಿಥಿಸನ್ಯಾಸಿಯು ಪ್ರೀತಿಯಿಂದಲೂ ವಿನಯದಿಂದಲೂ ಮಠದ ಕುಂದನ್ನು ತೋರಿಸಿದರೆ, ಕರ್ತನು ಅವನನ್ನು ಕಳುಹಿಸಿದ್ದು ಅದಕ್ಕಾಗಿಯೇ ಇರಬಹುದೆಂದು ಮಠಾಧಿಪತಿಯು ವಿವೇಕದಿಂದ ಆಲೋಚಿಸಬೇಕು.

ಇಲ್ಲಿ ಎರಡು ಸತ್ಯಗಳು ಜೊತೆಜೊತೆಯಾಗಿ ನಿಲ್ಲುತ್ತವೆ. ನಿರ್ಣಯದ ಹೊಣೆ ನಾಯಕನದೇ. ಬಹುಮತದ ಹಿಂದೆ ಅವನು ಅವಿತುಕೊಳ್ಳುವಂತಿಲ್ಲ. ಆದರೆ ಕೇಳದೆ ನಿರ್ಣಯಿಸುವ ಹಕ್ಕು ಅವನಿಗಿಲ್ಲ. ಯಾಕಂದರೆ ಆತ್ಮನು ನಾಯಕನ ಮೂಲಕ ಮಾತ್ರ ಮಾತಾಡುತ್ತಾನೆಂಬ ವಾಗ್ದಾನ ಎಲ್ಲಿಯೂ ಇಲ್ಲ. ಹೀಗೆ ಕೇಳುವಿಕೆಯು ಸೌಜನ್ಯದ ಪ್ರಶ್ನೆಯಾಗಿರದೆ, ಪವಿತ್ರಾತ್ಮನ ಕುರಿತಾದ ನಮ್ಮ ವಿಶ್ವಾಸದ ಪ್ರಶ್ನೆಯಾಗುತ್ತದೆ.

5. ದಕ್ಷಿಣ ಭಾರತ ಸಭೆಯ ಐಕ್ಯ

ನಮ್ಮ ನಾಡಿನ ಚರಿತ್ರೆಯಲ್ಲೇ ಇದಕ್ಕೆ ದೊಡ್ಡ ನಿದರ್ಶನವಿದೆ. 1919ರ ಮೇ ತಿಂಗಳಲ್ಲಿ ತರಂಗಂಬಾಡಿಯಲ್ಲಿ ಕೂಡಿದ ಸಭಾಸೇವಕರು, ಬಹುತೇಕ ಭಾರತೀಯರು, ಸಭೆಗಳ ಐಕ್ಯಕ್ಕಾಗಿ ಕರೆಕೊಟ್ಟರು. ಭಾರತೀಯರಲ್ಲಿ ಮೊದಲನೆಯ ಆಂಗ್ಲಿಕನ್ ಬಿಷಪರಾಗಿ 1912ರಲ್ಲಿ ಅಭಿಷೇಕಹೊಂದಿದ್ದ ವಿ. ಎಸ್. ಅಜರಯ್ಯನವರು ಈ ಕಾರ್ಯದ ಮುಂದಾಳುಗಳಲ್ಲಿ ಒಬ್ಬರು. ಆ ಕರೆಗೂ 1947ರ ಸೆಪ್ಟೆಂಬರ್ 27ರಂದು ಮದ್ರಾಸಿನ ಸಂತ ಜಾರ್ಜರ ಕಥೀಡ್ರಲ್ಲಿನಲ್ಲಿ ನಡೆದ ಐಕ್ಯಾರಾಧನೆಗೂ ನಡುವೆ 28 ವರ್ಷಗಳು ಕಳೆದವು. 1945ರ ಜನವರಿಯಲ್ಲಿ ತೀರಿಕೊಂಡ ಅಜರಯ್ಯನವರು ಅದನ್ನು ಕಣ್ಣಾರೆ ಕಾಣಲಿಲ್ಲ.

ಇಷ್ಟು ಕಾಲ ಹಿಡಿದದ್ದಕ್ಕೆ ಮುಖ್ಯ ಕಾರಣಗಳಲ್ಲೊಂದು ಗುರುದೀಕ್ಷೆಯ ಪ್ರಶ್ನೆ. ಬಿಷಪರ ಹಸ್ತನಿಕ್ಷೇಪದ ಪರಂಪರೆಯು ಸಭೆಗೆ ದೇವರಿಂದ ದೊರೆತ ವರವೆಂದು ಆಂಗ್ಲಿಕನರು ಹಿಡಿದಿದ್ದರು. ಮೆಥಡಿಸ್ಟರೂ, 1908ರಲ್ಲೇ ಪ್ರೆಸ್ಬಿಟೇರಿಯನರು ಮತ್ತು ಕಾಂಗ್ರಿಗೇಷನಲಿಸ್ಟರು ಕೂಡಿ ರಚಿಸಿದ್ದ ದಕ್ಷಿಣ ಭಾರತ ಐಕ್ಯಸಭೆಯವರೂ ತಮ್ಮ ಸೇವಕರ ದೀಕ್ಷೆಯನ್ನು ಪುನಃ ಮಾಡಿಸಿಕೊಳ್ಳಲು ಒಪ್ಪಲಿಲ್ಲ. ಹಾಗೆ ಒಪ್ಪುವುದು ತಮ್ಮ ಸೇವೆಯನ್ನು ದೇವರು ಆಶೀರ್ವದಿಸಿದ್ದನ್ನೇ ನಿರಾಕರಿಸಿದಂತೆ ಎಂದು ಅವರು ಕಂಡರು. ಎರಡೂ ಕಡೆ ಇದ್ದದ್ದು ಬರಿಯ ಹಟವಲ್ಲ, ಮನಸ್ಸಾಕ್ಷಿ.

ದೊರೆತ ಪರಿಹಾರವು ಯಾರ ಮನಸ್ಸಾಕ್ಷಿಯನ್ನೂ ಮುರಿಯದ ರೀತಿಯಲ್ಲಿ ರಚಿತವಾಯಿತು. ಐಕ್ಯಸಭೆಯು ಚಾರಿತ್ರಿಕ ಬಿಷಪ್ ಪದವಿಯನ್ನು ಸಂವಿಧಾನಬದ್ಧ ರೂಪದಲ್ಲಿ ಅಂಗೀಕರಿಸುವುದು. ಮುಂದಿನ ದೀಕ್ಷೆಗಳೆಲ್ಲ ಬಿಷಪರಿಂದ ಆಗುವುದು. ಆದರೆ ಆಗಲೇ ದೀಕ್ಷೆ ಹೊಂದಿದ್ದ ಎಲ್ಲರನ್ನೂ ಪುನರ್ದೀಕ್ಷೆಯಿಲ್ಲದೆ ಸಮಾನ ಸೇವಕರನ್ನಾಗಿ ಸ್ವೀಕರಿಸುವುದು. 30 ವರ್ಷಗಳ ಕಾಲ ಒಟ್ಟಾಗಿ ಬೆಳೆದ ಮೇಲೆ ಉಳಿದ ಪ್ರಶ್ನೆಯನ್ನು ಪರಿಶೀಲಿಸುವುದು. ಇವೆಲ್ಲಕ್ಕೂ ಮಿಗಿಲಾಗಿ, ಅಧಿಕಾರಿಗಳಾಗಲಿ ಬಹುಸಂಖ್ಯಾತರಾಗಲಿ ಯಾರ ಮನಸ್ಸಾಕ್ಷಿಯನ್ನೂ ತುಳಿಯದಂತೆ ಎಚ್ಚರವಹಿಸುವೆವೆಂದು ಐಕ್ಯವಾಗುವ ಸಭೆಗಳು ಪರಸ್ಪರ ಪ್ರತಿಜ್ಞೆ ಮಾಡಿಕೊಂಡವು. ಬಹುಮತವೂ ದಬ್ಬಾಳಿಕೆಯಾಗಬಲ್ಲದೆಂದು ಸಭೆಯು ತನ್ನ ಜನನಕಾಲದಲ್ಲೇ ಒಪ್ಪಿಕೊಂಡದ್ದು ಸಾಮಾನ್ಯ ಸಂಗತಿಯಲ್ಲ.

ಇದಕ್ಕೆ ಬೆಲೆಯನ್ನೂ ತೆರಬೇಕಾಯಿತು. ನಂದ್ಯಾಲ ಪ್ರಾಂತ್ಯದ ಅನೇಕ ಆಂಗ್ಲಿಕನ್ ಸಭೆಗಳು ಬಹುಕಾಲ ಐಕ್ಯದ ಹೊರಗೆ ಉಳಿದವು. ಇಂಗ್ಲೆಂಡಿನ ಸಭೆಯೊಡನೆ ಪೂರ್ಣ ಅನ್ಯೋನ್ಯತೆಯು ಕೂಡಲೇ ದೊರೆಯಲಿಲ್ಲ. ಆರಂಭದ 14 ಧರ್ಮಪ್ರಾಂತ್ಯಗಳಲ್ಲಿ ಮೈಸೂರು ಒಂದಾಗಿತ್ತು. ವೆಸ್ಲಿಯನ್, ಲಂಡನ್ ಮಿಶನ್, ಆಂಗ್ಲಿಕನ್, ಬಾಸೆಲ್ ಮಿಶನ್ ಪರಂಪರೆಗಳ ಗುರುತು ಇಂದಿಗೂ ಉಳಿದಿರುವ ಕನ್ನಡ ಸಭೆಗಳಲ್ಲಿ ಸೇವೆಮಾಡುವ ನಾವು ಆ ಪ್ರತಿಜ್ಞೆಯ ಫಲವನ್ನು ಉಣ್ಣುತ್ತಿದ್ದೇವೆ. ಪದವಿಗಾಗಿಯೂ ಆಸ್ತಿಗಾಗಿಯೂ ನ್ಯಾಯಾಲಯದ ಮೆಟ್ಟಲು ಹತ್ತುವ ಸಭೆಯು, ಅಂಥ ತಾಳ್ಮೆಯಿಂದ ತಾನು ಹುಟ್ಟಿದ್ದೆಂಬುದನ್ನು ನೆನಪಿಟ್ಟುಕೊಳ್ಳಬೇಕು.

6. ಒಂಟಿಯಾಗಿ ನಿಲ್ಲಬೇಕಾದ ವೇಳೆ

ಹಾಗಾದರೆ ನಾಯಕನು ಎಲ್ಲರ ವಿರುದ್ಧ ನಿಲ್ಲಬೇಕಾದ ಸಂದರ್ಭವೇ ಇಲ್ಲವೋ? ಖಂಡಿತ ಇದೆ. ಅಹಾಬನ ಮುಂದೆ ಸುಮಾರು 400 ಮಂದಿ ಪ್ರವಾದಿಗಳು ಏಕಕಂಠದಿಂದ ಜಯವನ್ನು ಸಾರಿದಾಗ ಮೀಕಾಯೆಹು ಒಬ್ಬನೇ ಸತ್ಯವನ್ನು ನುಡಿದು ಸೆರೆಗೆ ಹೋದನು (1 ಅರಸುಗಳು 22). ಅಹಾಬನ ಆಸ್ಥಾನದಲ್ಲಿ ಬಾಯಿಗಳು ಅನೇಕವಿದ್ದವು, ದೃಷ್ಟಿ ಒಂದೇ ಇತ್ತು. ತಲೆಗಳ ಎಣಿಕೆಯು ದೃಷ್ಟಿವೈವಿಧ್ಯವಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಡ.

1934ರ ಮೇ ಕೊನೆಯಲ್ಲಿ ಜರ್ಮನಿಯ ಬಾರ್ಮೆನ್‌ನಲ್ಲಿ ಲುಥೆರನ್, ರಿಫಾರ್ಮ್ಡ್ ಮತ್ತು ಐಕ್ಯಸಭೆಗಳ ಪ್ರತಿನಿಧಿಗಳು ಕೂಡಿ, ಸಭೆಗೆ ಯೇಸು ಕ್ರಿಸ್ತನಲ್ಲದೆ ಬೇರೊಬ್ಬ ಒಡೆಯನಿಲ್ಲವೆಂಬ ಅರ್ಥದ ಆರು ಪ್ರತಿಪಾದನೆಗಳ ಘೋಷಣೆಯನ್ನು ಹೊರಡಿಸಿದರು. ಅದರ ಕರಡನ್ನು ಮುಖ್ಯವಾಗಿ ಸಿದ್ಧಪಡಿಸಿದವರು ಕಾರ್ಲ್ ಬಾರ್ತ್. ಭಿನ್ನ ಪರಂಪರೆಗಳವರು ಒಂದು ಮೂಲತತ್ವಕ್ಕಾಗಿ ಜೊತೆಗೂಡಿದ ಈ ಧೈರ್ಯವು ಸ್ಮರಣೀಯ. ಆದರೆ ಆ ಘೋಷಣೆಯಲ್ಲಿ ಹಿಂಸೆಗೆ ಗುರಿಯಾಗುತ್ತಿದ್ದ ಯೆಹೂದ್ಯರ ಪರವಾಗಿ ಒಂದು ಮಾತೂ ಇಲ್ಲ. ಬಾರ್ತ್ ಅವರೇ ಮುಂದೆ ಈ ಕೊರತೆಗಾಗಿ ವ್ಯಥೆಪಟ್ಟರು. ದೃಢವಾದ ತತ್ವವೂ ಕೋಣೆಯಲ್ಲಿ ಇಲ್ಲದವರ ನೋವನ್ನು ಕಾಣದೆ ಹೋಗಬಹುದು. ಆದುದರಿಂದ ಒಂಟಿಯಾಗಿ ನಿಲ್ಲುವವನಿಗೂ ಕೇಳುವ ಕರ್ತವ್ಯದಿಂದ ಬಿಡುಗಡೆಯಿಲ್ಲ. ಅವನು ತನ್ನನ್ನು ಪರೀಕ್ಷಿಸಿಕೊಳ್ಳಬೇಕಾದ ಪ್ರಶ್ನೆ ಇದು: ಈ ನಿಲುವಿನಿಂದ ಕಷ್ಟಪಡುವವನು ನಾನೋ, ನನಗಿಂತ ಬಲಹೀನನೋ? ಮೀಕಾಯೆಹು ತನ್ನ ತತ್ವದ ಬೆಲೆಯನ್ನು ತಾನೇ ತೆತ್ತನು.

7. ಸೇವೆಯಲ್ಲಿಯೂ ಜೀವಿತದಲ್ಲಿಯೂ ಅನ್ವಯ

ಮೇಲಿನ ವಿಚಾರಗಳಿಂದ ಸಭಾಸೇವಕರಿಗೆ ಕೆಲವು ಅಭ್ಯಾಸಗಳನ್ನು ಸೂಚಿಸಬಹುದು.

ಮೊದಲನೆಯದಾಗಿ, ವಿವಾದವೊಂದು ಎದ್ದಾಗ ಕಮಿಟಿಗೆ ಹೋಗುವ ಮುನ್ನ ನಮ್ಮ ನಿಲುವನ್ನು ಬರೆದು, ಅದರಲ್ಲಿ ಸುವಾರ್ತೆಗೆ ಸೇರಿದ್ದೆಷ್ಟು, ರೂಢಿಗೆ ಸೇರಿದ್ದೆಷ್ಟು, ನಮ್ಮ ಅಭಿರುಚಿಗೆ ಸೇರಿದ್ದೆಷ್ಟು ಎಂದು ವಿಂಗಡಿಸೋಣ. ಪೌಲನಂತೆ ಅದನ್ನು ಸಭೆಗೂ ತಿಳಿಸೋಣ.

ಎರಡನೆಯದಾಗಿ, ಮಾತಾಡುವ ಕ್ರಮವನ್ನು ಆಲೋಚಿಸಿ ಗೊತ್ತುಮಾಡೋಣ. ಯೆಹೂದ್ಯರ ಮಿಷ್ನಾದಲ್ಲಿ ಮರಣದಂಡನೆಯ ವ್ಯಾಜ್ಯಗಳಿಗೆ ಒಂದು ವಿಶೇಷ ನಿಯಮವಿದೆ: ಹಿರಿಯ ನ್ಯಾಯಾಧಿಪತಿಗಳಿಗಿಂತ ಮೊದಲು ಬದಿಯಲ್ಲಿ ಕುಳಿತ ಕಿರಿಯರು ಅಭಿಪ್ರಾಯ ಹೇಳಬೇಕು. ದೊಡ್ಡವರು ಮಾತಾಡಿದ ಮೇಲೆ ಚಿಕ್ಕವರು ಬಾಯಿಬಿಡಲಾರರೆಂಬ ಅರಿವು ಇದರಲ್ಲಿದೆ. ಅಧ್ಯಕ್ಷಸ್ಥಾನದಲ್ಲಿರುವ ಸಭಾಪಾಲಕರು ಕಡೆಗೆ ಮಾತಾಡುವುದು ಇದೇ ಕಾರಣದಿಂದ ಲೇಸು.

ಮೂರನೆಯದಾಗಿ, ಎದುರುಪಕ್ಷದ ವಾದವನ್ನು ಅವರೇ ಹೌದೆನ್ನುವಂತೆ ನಮ್ಮ ಮಾತಿನಲ್ಲಿ ಹೇಳಲು ಸಾಧ್ಯವಾಗುವ ತನಕ ಅದಕ್ಕೆ ಉತ್ತರ ಕೊಡದಿರೋಣ. ನಾಲ್ಕನೆಯದಾಗಿ, ಒಪ್ಪದವರ ಕಾರಣಗಳನ್ನೂ ನಡಾವಳಿಯಲ್ಲಿ ನ್ಯಾಯವಾಗಿ ದಾಖಲಿಸಿ, ನಿರ್ಣಯವನ್ನು ಪುನಃ ಪರಿಶೀಲಿಸುವ ಕಾಲವನ್ನು ಗೊತ್ತುಮಾಡೋಣ.

ಈ ಅಭ್ಯಾಸಗಳು ಕಮಿಟಿಯ ಕೋಣೆಯಲ್ಲಿ ಮಾತ್ರ ಹುಟ್ಟಲಾರವು. ಮನೆಯಲ್ಲಿ ಹೆಂಡತಿಯ ಮಾತಿಗೂ ಮಕ್ಕಳ ಪ್ರಶ್ನೆಗೂ ಕಿವಿಗೊಡದವನು ಸಭೆಯಲ್ಲಿ ಕೇಳುವವನಾಗಿ ನಟಿಸಬಹುದು, ಆದರೆ ಆ ನಟನೆ ಬಹುಕಾಲ ನಿಲ್ಲದು. ಅರಾಮ್ಯರ ಸೇನಾಪತಿಯಾದ ನಾಮಾನನಿಗೆ ಸ್ವಸ್ಥತೆಯ ದಾರಿಯನ್ನು ಮೊದಲು ಸೂಚಿಸಿದವಳು ಅವನ ಮನೆಯಲ್ಲಿದ್ದ ಸೆರೆಯ ಹುಡುಗಿ. ಅವನು ಕೋಪದಿಂದ ಹಿಂದಿರುಗಿದಾಗ ಅವನನ್ನು ಮನವೊಲಿಸಿದವರು ಅವನ ಸೇವಕರು (2 ಅರಸುಗಳು 5). ತನಗಿಂತ ಕೆಳಗಿನವರೆಂದು ಎಣಿಸಲ್ಪಟ್ಟವರ ಮಾತನ್ನು ಅವನು ಎರಡು ಸಾರಿ ಕೇಳದೆ ಹೋಗಿದ್ದರೆ ಕುಷ್ಠದೊಡನೆಯೇ ಊರಿಗೆ ಮರಳುತ್ತಿದ್ದನು.

ತತ್ವವಿಲ್ಲದವನಿಗೆ ಪರರ ಮಾತು ಗಾಳಿ; ಅದು ಬೀಸಿದ ಕಡೆ ಅವನು ಹೋಗುತ್ತಾನೆ. ಕಿವಿಯಿಲ್ಲದವನಿಗೆ ಅವನ ತತ್ವವೇ ಗೋಡೆ. ಅದರಾಚೆ ನಿಂತವರನ್ನು ಅವನು ಕಾಣಲಾರನು. ಕ್ರಿಸ್ತನೇ ಸಭೆಗೆ ಶಿರಸ್ಸೆಂದು ನಿಜವಾಗಿ ನಂಬುವ ಸೇವಕನಾದರೋ ತಾನು ಶಿರಸ್ಸಲ್ಲವೆಂಬುದನ್ನೂ ನಂಬುತ್ತಾನೆ. ಅವನಲ್ಲಿರುವ ಸ್ಥಿರತೆಗೂ ಅವನ ಕೇಳುವ ಕಿವಿಗೂ ಆಧಾರವು ಈ ಒಂದೇ ಅರಿಕೆ.